ಬಿಸಿಯಾಗುತ್ತಿದ್ದ ಚೋಕ್: ಹಳೇ ಮಾರುತಿ 800ರ ಒಂದು ಕೇಸು

ದೊಡ್ಡಪ್ಪನ ಫೋನ್ ಬಂದಾಗ ರಾತ್ರಿ ಎಂಟೂವರೆ. ಹಿಂದೆ ಮಳೆ ಸುರಿಯುವ ಸದ್ದು ಜೋರಾಗಿ ಕೇಳುತ್ತಿತ್ತು.

"ಮತ್ತೆ ಕೈ ಕೊಟ್ಟಿತು ಮಾರಾಯ. ಆಗುಂಬೆಯಲ್ಲಿ ಚಾ ಕುಡಿದು ಬಂದು ಕೀ ತಿರುಗಿಸಿದರೆ ಎಂತದೂ ಇಲ್ಲ."

"ಸೆಲ್ಫ್ ತಿರುಗ್ತಾ ಇದೆಯಾ ದೊಡ್ಡಪ್ಪ?"

"ಅದು ತಿರುಗ್ತದೆ. ಇಂಜಿನ್ ಹಿಡಿಯೂದಿಲ್ಲ."

ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋನ್. ಸ್ಟಾರ್ಟ್ ಆಯ್ತು, ಮನೆ ಕಡೆ ಹೊರಟೆ ಎಂದರು. ಯಾರೂ ಏನೂ ರಿಪೇರಿ ಮಾಡಿರಲಿಲ್ಲ. ಸುಮ್ನೆ ಕಾದಿದ್ದರು, ಅಷ್ಟೇ.

ಕಾರು 1992ರ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರುವ, ಕಿಡಿ ಹುಟ್ಟಿಸಲು ಕರೆಂಟನ್ನು ಕೂಡಿಸಿ ಕಡಿಯುವ ಸಿ.ಬಿ. ಪಾಯಿಂಟ್ ಇರುವ ಹಳೇ ಗಾಡಿ. 796 ಸಿಸಿ, ಮೂರು ಸಿಲಿಂಡರ್. ಈ ಮಾಡೆಲ್ 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂತು, 2014ರ ಜನವರಿಯಲ್ಲಿ ತಯಾರಿ ನಿಂತಿತು. ಹಾಗಾಗಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳ ಕೊಟ್ಟಿಗೆಗಳಲ್ಲಿ ಇಂಥ ಗಾಡಿ ಇನ್ನೂ ಅಲ್ಲಲ್ಲಿ ಸಿಗುತ್ತದೆ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಹಳೇ ಗಾಡಿಗಳ ಹುಚ್ಚು, ಒಂದು ಪೆಟ್ಟಿಗೆ ಸ್ಪ್ಯಾನರ್, ಒಂದು ಮಲ್ಟಿಮೀಟರ್ ಇದೆ. ಮುಂದಿನ ಶನಿವಾರ ಬೆಳಿಗ್ಗೆ ಹೊರಟೆ.

ನಾನು ಹೋಗುವ ಮೊದಲೇ ಈ ಗಾಡಿಗೆ ಸಾಕಷ್ಟು ದುಡ್ಡು ಸುರಿದಾಗಿತ್ತು. ಎರಡು ವರ್ಷದಲ್ಲಿ ಹೊಸ ಬ್ಯಾಟರಿ, ಎರಡು ಸಲ ಪ್ಲಗ್, ಹೊಸ ಪೆಟ್ರೋಲ್ ಪಂಪ್. ಕಾರ್ಬುರೇಟರ್ ಮೂರು ಸಲ ಬಿಚ್ಚಿ ತೊಳೆದಿದ್ದರು. ಸೆಲ್ಫ್ ಮೋಟರ್‌ಗೆ ಬುಷ್, ಬ್ರಷ್ ಹಾಕಿಸಿದ್ದರು. ಮೂರು ತಿಂಗಳ ಹಿಂದೆ ಹೊಸ ಪಾಯಿಂಟ್. ಕೊನೆಗೆ, ನಗು ಬರುವ ಹಾಗೆ, ಎರಡು ಚೋಕ್ ಕೇಬಲ್, ಅಂದರೆ ತಣ್ಣಗಿನ ಇಂಜಿನ್ ಹಿಡಿಯಲು ಗಾಳಿ ಕಮ್ಮಿ ಮಾಡುವ ಗುಂಡಿಯ ತಂತಿ. ಪ್ರತಿ ಸಲವೂ ಒಂದು ವಾರ ಚೆನ್ನಾಗಿ ಓಡಿ ಮತ್ತೆ ಅದೇ ಹಾಡು.

ಬಾನೆಟ್ ಎತ್ತುವ ಮೊದಲು ಜಗಲಿಯಲ್ಲಿ ಕೂತು ದೊಡ್ಡಪ್ಪನನ್ನು ಪ್ರಶ್ನೆ ಕೇಳಿದೆ. ಈ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. "ಸ್ಟಾರ್ಟಿಂಗ್ ಟ್ರಬಲ್, ಮಿಸ್ಸಿಂಗ್" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವಾಗ? ತಣ್ಣಗಿದ್ದಾಗಲಾ, ಬಿಸಿಯಾದಾಗಲಾ? ಮಳೆಗಾ, ಬಿಸಿಲಿಗಾ? ಪ್ರತಿ ಸಲವಾ, ಅಪರೂಪಕ್ಕಾ?

ಉತ್ತರ ಕೇಳುತ್ತಾ ಹೋದ ಹಾಗೆ ಒಂದು ರೋಗ ಮೂರಾಯಿತು.

ಒಂದು, ಬೆಳಿಗ್ಗೆ ಸೆಲ್ಫ್ ಎಳೆದೂ ಎಳೆದೂ ತಿರುಗುತ್ತದೆ, ಮಳೆಯಿರಲಿ ಬಿಸಿಲಿರಲಿ. ಎರಡು, ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಮಿಸ್ಸಿಂಗ್ ಹೊಡೆಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ಸರಿ. ಬೇಸಿಗೆಯಲ್ಲಿ ಈ ಕಾಟ ಇಲ್ಲ. ಮೂರು, ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಅದೂ ಪ್ರತಿ ಸಲ ಅಲ್ಲ. ಎರಡು ಸಲಕ್ಕೆ ಒಂದು ಸಲ ಅಂದುಕೊಳ್ಳಿ. ಆ "ಎರಡು ಸಲಕ್ಕೆ ಒಂದು ಸಲ" ಎಂಬ ಮಾತು ಆಗ ನನಗೆ ಮುಖ್ಯ ಅನ್ನಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ಆರೂವರೆ. ರಾತ್ರಿಯಿಡೀ ಮಳೆ ಹೊಡೆದಿತ್ತು. ಗಾಡಿ ನಿಂತಿದ್ದ ಕೊಟ್ಟಿಗೆಯ ಗೋಡೆಯೂ ಬೆವರುತ್ತಿತ್ತು. ಚೋಕ್ ಎಳೆದು ಕೀ ತಿರುಗಿಸಿದೆ. ಊಂ... ಊಂ... ಊಂ... ಎಂದು ಗರ್ಭಿಣಿ ಎಮ್ಮೆ ಏಳುವ ಹಾಗೆ ಸೆಲ್ಫ್ ತಿರುಗಿತು. ಹಿಡಿಯಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕನೇ ಸಲ ಚೋಕ್ ಗುಂಡಿ ಒಳಗೆ ತಳ್ಳಲು ಕೈ ಹಾಕಿದರೆ ಅದು ಬಿಗಿಯಾಗಿತ್ತು. ಮುಟ್ಟಿದರೆ ಉಗುರುಬೆಚ್ಚಗೆ.

ಚೋಕ್ ಯಾಕೆ ಬಿಸಿಯಾಗಬೇಕು? ಅದು ಬರೀ ತಂತಿ. ಅದರಲ್ಲಿ ಕರೆಂಟ್ ಹೋಗುವ ಮಾತೇ ಇಲ್ಲ. ಬಾನೆಟ್ ಎತ್ತಿ ಕೇಬಲ್ ಹಿಡಿದು ನೋಡಿದೆ. ಕಾರ್ಬುರೇಟರ್ ಹತ್ತಿರ ಅದರ ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಕರಗಿ, ಮೇಣದ ಬತ್ತಿ ಇಳಿದ ಹಾಗೆ ಅಂಟಿಕೊಂಡಿತ್ತು. ಎರಡು ಚೋಕ್ ಕೇಬಲ್ ಹಾಳಾದ ಗುಟ್ಟು ಅಲ್ಲೇ ಗೊತ್ತಾಯಿತು.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಇಂಜಿನ್‌ಗೂ ನೇರವಾಗಿ ಲೋಹ ತಾಗುವುದಿಲ್ಲ. ಸೆಲ್ಫ್ ತಿರುಗುವಾಗ ಬ್ಯಾಟರಿಯ ಪಾಸಿಟಿವ್‌ನಿಂದ ಹೋದ ದೊಡ್ಡ ಕರೆಂಟ್ ಇಂಜಿನ್ ಮೂಲಕ ನೆಗೆಟಿವ್‌ಗೆ ವಾಪಸ್ ಬರಬೇಕು. ಅದಕ್ಕೆ ದಾರಿ ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ದಪ್ಪ ಅರ್ಥ್ ವೈರ್. ಆ ದಾರಿ ಕೆಟ್ಟಿದ್ದರೆ ಕರೆಂಟ್ ಅಡ್ಡದಾರಿ ಹುಡುಕುತ್ತದೆ. ಬಾಡಿಯನ್ನೂ ಇಂಜಿನನ್ನೂ ಲೋಹದಿಂದ ಕೂಡಿಸುವುದು ಏನಿದೆ? ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಪಾಪ, ಅವು ಸೆಲ್ಫ್ ಮೋಟರ್‌ನ ಭಾರ ಹೊರುತ್ತಿದ್ದವು.

ಅನುಮಾನ ಬಂದರೆ ಸಾಲದು, ಅಳೆಯಬೇಕು. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಮೇನ್ ವೈರ್ ಕಿತ್ತು ಇಂಜಿನ್‌ಗೆ ತಾಗಿಸಿಟ್ಟೆ, ಸ್ಟಾರ್ಟ್ ಆಗಬಾರದು ಎಂದು. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಅಂದರೆ ಪೂರ್ತಿ ಚಾರ್ಜ್ ಇದೆ. ದೊಡ್ಡಪ್ಪ ಕೀ ತಿರುಗಿಸಿದರು. ಸೆಲ್ಫ್ ತಿರುಗುವಾಗ 10.4. ಇದೂ ಪರವಾಗಿಲ್ಲ, ಬ್ಯಾಟರಿಯದ್ದು ತಪ್ಪಿಲ್ಲ. ಆಮೇಲೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ. ಕಂಬಕ್ಕೇ ಇಡಬೇಕು, ಅದರ ಮೇಲಿನ ಕ್ಲಾಂಪ್‌ಗೆ ಅಲ್ಲ. ಎರಡೂ ನೆಗೆಟಿವ್ ಅಲ್ವಾ, ಮಧ್ಯೆ ಏನೂ ತೋರಿಸಬಾರದು. ಸೆಲ್ಫ್ ಹೊಡೆಯುವಾಗ 0.2, 0.3 ವೋಲ್ಟ್ ಬಂದರೆ ಸಹಿಸಬಹುದು. ಇಲ್ಲಿ ಬಂದದ್ದು 2.1.

ಮೀಟರ್ ಇಲ್ಲದವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಜಂಪ್ ಸ್ಟಾರ್ಟ್ ಮಾಡುವ ಒಂದು ಕೇಬಲನ್ನು ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್‌ನ ಯಾವುದಾದರೂ ಗಟ್ಟಿ ಬೋಲ್ಟ್‌ಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ನಾನು ಅದನ್ನೂ ಮಾಡಿದೆ. ಎಮ್ಮೆ ಒಮ್ಮೆಗೇ ಕರುವಾಯಿತು. ದೊಡ್ಡಪ್ಪ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಎಂತ ಮಾಡಿದೆ?" ಎಂದು ಕೇಳಿದರು.

ಅರ್ಥ್ ವೈರ್ ಬಿಚ್ಚಿದೆ. ಹೊರಗಿನಿಂದ ನೋಡಿದರೆ ಚೆನ್ನಾಗೇ ಇತ್ತು, ಅದೇ ಮೋಸ. ಗೇರ್‌ಬಾಕ್ಸ್ ಕಡೆಯ ಲಗ್ (ವೈರ್ ತುದಿಯ ಲೋಹದ ಬಳೆ) ಹಿಡಿದು ಸ್ವಲ್ಪ ತಿರುಚಿದರೆ ರಬ್ಬರ್ ಒಳಗಿಂದ ಹಸಿರು ಪುಡಿ ಉದುರಿತು. ತಾಮ್ರದ ಎಳೆಗಳಲ್ಲಿ ಹೆಚ್ಚಿನವು ಕೊಳೆತು, ಹತ್ತೋ ಹನ್ನೆರಡೋ ಉಳಿದಿದ್ದವು. ಮೂವತ್ತು ಮಳೆಗಾಲ ಅದರ ಮೇಲೆ ಹೋಗಿದೆ, ಇನ್ನೇನಾಗುತ್ತದೆ. ತೀರ್ಥಹಳ್ಳಿಗೆ ಹೋಗಿ ದಪ್ಪ ವೈರ್‌ಗೆ ಲಗ್ ಒತ್ತಿಸಿ ತಂದೆ. ಗೇರ್‌ಬಾಕ್ಸ್ ಮೇಲಿನ ಜಾಗವನ್ನು ಎಮೆರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದಾಗ 0.15 ವೋಲ್ಟ್.

ಸೆಲ್ಫ್ ಸರಿಯಾಯಿತು. ಮಿಸ್ಸಿಂಗ್ ಇತ್ತು.

ಮೂರು ಸಿಲಿಂಡರ್ ಇಂಜಿನ್‌ನಲ್ಲಿ ಮಿಸ್ಸಿಂಗ್ ಕಿವಿಗೇ ಸಿಗುತ್ತದೆ. ಸರಿಯಾಗಿದ್ದಾಗ ಅದು ತಕಿಟ ತಕಿಟ ತಕಿಟ ಎಂದು ಓಡುತ್ತದೆ. ಒಂದು ಸಿಲಿಂಡರ್ ಬಿಟ್ಟರೆ ತಕಿ... ತಕಿ... ತಕಿ... ಒಂದು ಅಕ್ಷರ ನುಂಗಿದ ಹಾಗೆ. ಗೇರ್ ಲಿವರ್ ಕೈಯಲ್ಲಿ ಕುಣಿಯುತ್ತದೆ. ಯಾವ ಅಕ್ಷರ ನುಂಗಿದ್ದು ಎಂದು ಹುಡುಕುವುದೂ ಸುಲಭ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಪ್ಲಗ್ ವೈರನ್ನು ರಬ್ಬರ್ ಹಿಡಿ ಇರುವ ಇಕ್ಕಳದಿಂದ ಎಳೆದು, ಕಿಡಿ ಇಂಜಿನ್‌ಗೆ ಹಾರುವಷ್ಟು ಹತ್ತಿರ ಹಿಡಿಯಬೇಕು. ಬರಿಗೈಯಲ್ಲಿ ಬೇಡ, ಹೊಡೆತ ಭುಜದವರೆಗೆ ಬರುತ್ತದೆ. ಇಲೆಕ್ಟ್ರಾನಿಕ್ ಇಗ್ನಿಷನ್ ಇರುವ ಆಮೇಲಿನ ಗಾಡಿಗಳಲ್ಲಿ ಈ ಆಟ ಆಡಲೇಬೇಡಿ, ಮಾಡ್ಯೂಲ್ ಸುಟ್ಟುಹೋದೀತು.

ಒಂದನೇ ವೈರ್ ಎಳೆದೆ, ಇಂಜಿನ್ ಇನ್ನೇನು ನಿಲ್ಲುವ ಹಾಗಾಯಿತು. ಮೂರನೆಯದು, ಹಾಗೇ. ಎರಡನೆಯದು ಎಳೆದರೆ ಏನೂ ವ್ಯತ್ಯಾಸವಿಲ್ಲ. ಕೆಲಸ ಮಾಡದವನನ್ನು ರಜೆ ಮೇಲೆ ಕಳಿಸಿದರೆ ಆಫೀಸಿಗೆ ಗೊತ್ತಾಗುತ್ತದಾ?

ಎರಡನೇ ಸಿಲಿಂಡರ್ ಯಾಕೆ ಸತ್ತಿದೆ? ಇಲ್ಲಿ ಹೊಸ ಪಾರ್ಟು ತರುವ ಅಗತ್ಯ ಇಲ್ಲ, ಇರುವುದನ್ನೇ ಅದಲುಬದಲು ಮಾಡಿದರೆ ಸಾಕು. ಎರಡರ ಪ್ಲಗ್ ತೆಗೆದು ಒಂದಕ್ಕೆ, ಒಂದರದು ಎರಡಕ್ಕೆ. ರೋಗ ಎರಡರಲ್ಲೇ ಉಳಿಯಿತು, ಅಂದರೆ ಪ್ಲಗ್ ಅಲ್ಲ. ವೈರ್ ಬದಲಿಸಿದೆ. ಆಗಲೂ ಎರಡರಲ್ಲೇ. ಪ್ಲಗ್ ಬಿಚ್ಚಿದ್ದಾಗಲೇ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದ್ದೆ, ಮೂರೂ ಹತ್ತಿರ ಹತ್ತಿರ 150 ಪಿಎಸ್ಐ. ವಾಲ್ವ್, ರಿಂಗ್ ತಂಟೆಯಲ್ಲ. ಉಳಿದದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್, ಅಂದರೆ ಕಿಡಿಯನ್ನು ಮೂರು ಪ್ಲಗ್‌ಗೂ ಸರದಿಯಂತೆ ಹಂಚುವ ಡಬ್ಬಿಯ ಮುಚ್ಚಳ.

ಅಷ್ಟು ಹೊತ್ತಿಗೆ ಇಂಜಿನ್ ಬಿಸಿಯಾಗಿ ಮಿಸ್ಸಿಂಗ್ ನಿಂತೇ ಹೋಗಿತ್ತು. ರೋಗಿ ಡಾಕ್ಟರ್ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುತ್ತದಲ್ಲ, ಹಾಗೆ. ಸಂಜೆ ಕತ್ತಲಾಗುವ ತನಕ ಕಾದು, ಕೊಟ್ಟಿಗೆಯ ಲೈಟ್ ಆರಿಸಿ, ಇಂಜಿನ್ ಓಡುತ್ತಿರುವಾಗ ದೊಡ್ಡಮ್ಮ ಬಟ್ಟೆಗೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಕ್ಯಾಪ್ ಮೇಲೆ ಎರಡು ಸಲ ಹೊಡೆದೆ. ಚಟ್ ಚಟ್ ಎಂದು ಸಣ್ಣ ನೀಲಿ ಬಳ್ಳಿ ಕ್ಯಾಪ್‌ನ ಮೈಮೇಲೆ ಹರಿಯಿತು. ತಕ್ಷಣ ತಕಿ... ತಕಿ... ಶುರು. ದೊಡ್ಡಪ್ಪ, "ದೀಪಾವಳಿ ಇದ್ದಂಗೆ ಉಂಟಲ್ಲ!" ಎಂದರು.

ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಎರಡನೇ ಕಂಬದಿಂದ ಅಂಚಿನವರೆಗೆ ಪೆನ್ಸಿಲ್‌ನಿಂದ ಎಳೆದ ಹಾಗೆ ಒಂದು ಕಪ್ಪು ಗೆರೆ. ಕೂದಲಿಗಿಂತ ಸ್ವಲ್ಪ ದಪ್ಪ. ಒಮ್ಮೆ ಕಿಡಿ ತಪ್ಪು ದಾರಿಯಲ್ಲಿ ಹರಿದರೆ ಅಲ್ಲಿ ಪ್ಲಾಸ್ಟಿಕ್ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲಿನಲ್ಲಿ ಕರೆಂಟ್ ಹರಿಯುತ್ತದೆ. ತೇವ ಕೂತಾಗ ಆ ದಾರಿ ಇನ್ನೂ ಸಲೀಸು, ಕಿಡಿ ಪ್ಲಗ್‌ಗೆ ಹೋಗುವ ಬದಲು ಅಲ್ಲೇ ಇಳಿದುಬಿಡುತ್ತದೆ. ಒಣಗಿದ ಮೇಲೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಯಾಕೆ ಕಾಟ ಇರಲಿಲ್ಲ ಎಂಬುದಕ್ಕೆ ಉತ್ತರ ಅದೇ ಗೆರೆ. ಬ್ಲೇಡಿನಿಂದ ಕೆರೆದು ಹಾಕಿದರೆ ನಾಲ್ಕು ದಿನ ಬರಬಹುದು, ಆಮೇಲೆ ಮತ್ತೆ ಬರುತ್ತದೆ. ಮರುದಿನ ಹೊಸ ಕ್ಯಾಪ್, ಅದರೊಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ತಂದೆ. ಹಾಕುವ ಮೊದಲು ಮೊಬೈಲಲ್ಲಿ ಫೋಟೋ ಹೊಡೆದುಕೊಂಡೆ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-2. ಮೂರೇ ವೈರ್ ಅಲ್ವಾ ಎಂದು ಅಸಡ್ಡೆ ಮಾಡಿ ಎರಡನ್ನು ಅದಲುಬದಲು ಹಾಕಿದರೆ ಕಾರ್ಬುರೇಟರ್‌ನಿಂದ ಢಂ ಎನ್ನುತ್ತದೆ.

ಕ್ಯಾಪ್ ಬಿಚ್ಚಿದಾಗ ಇನ್ನೊಂದು ಕಣ್ಣಿಗೆ ಬಿದ್ದಿತ್ತು. ಮೂರು ತಿಂಗಳ ಹಿಂದೆ ಹಾಕಿದ ಪಾಯಿಂಟ್ ನೀಲಿಗಟ್ಟಿ ಸುಟ್ಟಿತ್ತು. ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. 0.4ರಿಂದ 0.5 ಮಿಲಿಮೀಟರ್ ಇರಬೇಕಾದ ಗ್ಯಾಪ್ 0.25ಕ್ಕೆ ಇಳಿದಿತ್ತು. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತು, ಹಿಂದೆ ಬೀಳುತ್ತದೆ, ಪಿಕಪ್ ಸಾಯುತ್ತದೆ. ಪಾಯಿಂಟ್ ಸುಡದ ಹಾಗೆ ಕಾಯುವ ಕಂಡೆನ್ಸರ್ ಹೋಗಿರಬೇಕು ಎಂದುಕೊಂಡು ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕಿ, ಗ್ಯಾಪ್ ಇಟ್ಟು, ಟೈಮಿಂಗ್ ನೋಡಿ ಮುಗಿಸಿದೆ. ಅಲ್ಲೇ ನಾನೂ ಎಡವಿದೆ. ಪಾಯಿಂಟ್ ಯಾಕೆ ಸುಟ್ಟಿತು ಎಂದು ಕೇಳಿಕೊಳ್ಳದೆ ಬದಲಿಸಿದೆ. ನನಗಿಂತ ಮೊದಲು ಬಂದವರು ಮಾಡಿದ್ದೂ ಅದೇ ಅಲ್ವಾ?

ಸೋಮವಾರ ಮಧ್ಯಾಹ್ನ ಗಾಡಿ ಅರ್ಧ ಸುತ್ತಿಗೇ ಹಿಡಿಯುತ್ತಿತ್ತು. ಹೊರಟುಬಿಡೋಣ ಅನ್ನಿಸಿತು. ಆದರೆ ಘಾಟಿಯ ವಿಷಯ ಹಾಗೇ ಉಳಿದಿತ್ತು. ದೊಡ್ಡಪ್ಪನನ್ನು ಕೂರಿಸಿಕೊಂಡು ಆಗುಂಬೆ ಇಳಿದು ಸೋಮೇಶ್ವರಕ್ಕೆ ಹೋಗಿ, ತಿರುಗಿಸಿ, ಹದಿನಾಲ್ಕು ತಿರುವುಗಳನ್ನು ಒಂದನೇ ಎರಡನೇ ಗೇರ್‌ನಲ್ಲಿ ಹತ್ತಿದೆವು. ಮೇಲೆ ಬಂದು ಚಾ ಅಂಗಡಿ ಮುಂದೆ ನಿಲ್ಲಿಸಿದೆ.

"ನೀವು ಪ್ರತಿ ಸಲ ಏನು ಮಾಡ್ತೀರೋ ಹಾಗೇ ಮಾಡಿ ದೊಡ್ಡಪ್ಪ."

ಅವರು ಇಂಜಿನ್ ಆಫ್ ಮಾಡಿದರು. ಕೂಡಲೇ ಕೀಯನ್ನು ಮತ್ತೆ ಆನ್‌ಗೆ ತಂದು, ರೇಡಿಯೋ ಹಾಕಿ, ಗಾಜು ಇಳಿಸಿ, ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು. ಆ ರೇಡಿಯೋ ಯಾರೋ ಇಗ್ನಿಷನ್ ಲೈನಿಗೇ ಕೊಟ್ಟುಬಿಟ್ಟಿದ್ದರು. ಕೀ ಆನ್ ಇದ್ದರೆ ಮಾತ್ರ ಹಾಡುತ್ತದೆ.

ಇಪ್ಪತ್ತು ನಿಮಿಷ ಕಳೆದು ಸೆಲ್ಫ್ ಹೊಡೆದರೆ ಚುರುಕಾಗಿ ತಿರುಗಿತು. ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಕೆಟ್ಟು ನಿಂತಿರುವಾಗಲೇ ನೋಡಿದರೆ ಮಾತ್ರ ಇಂಥ ರೋಗ ಸಿಗುವುದು.

ಇಂಥ ಕಡೆ ಎಲ್ಲರೂ ಹೇಳುವುದು ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿದೆ ಎಂದು. ಪಂಪ್ ಬದಲಿಸಿದ್ದೂ ಅದಕ್ಕೇ. ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರ್ ಒಳಗೆ ನೋಡುತ್ತಾ ಆಕ್ಸಿಲರೇಟರ್ ಎಳೆದೆ. ಚಿರ್ ಎಂದು ಪೆಟ್ರೋಲ್ ಚಿಮ್ಮಿತು. ಪೆಟ್ರೋಲ್ ಇದೆ. ಮುಚ್ಚಳ ವಾಪಸ್ ಹಾಕಿ, ಕಾಯಿಲ್‌ನ ಮೇನ್ ವೈರ್ ತೆಗೆದು ಇಂಜಿನ್‌ನಿಂದ ಅರ್ಧ ಸೆಂಟಿಮೀಟರ್ ದೂರ ಇಕ್ಕಳದಲ್ಲಿ ಹಿಡಿದೆ. ದೊಡ್ಡಪ್ಪ ಸೆಲ್ಫ್ ಹೊಡೆದರು. ಚಟೀರ್ ಎನ್ನುವ ನೀಲಿ ಕಿಡಿ ಬರಬೇಕಿತ್ತು. ಬಂದದ್ದು ಬೀಡಿ ತುದಿಯ ಹಾಗೆ ಕೆಂಪಗಿನ, ಸಣ್ಣ, ಅದೂ ಆಗೊಮ್ಮೆ ಈಗೊಮ್ಮೆ.

ಕಾಯಿಲ್ ಮುಟ್ಟಿದೆ. ಕೈ ಇಡಲಾಗಲಿಲ್ಲ. ಕೀ ಆಫ್ ಮಾಡಿ, ಚಾ ಅಂಗಡಿಯಲ್ಲಿ ಒಂದು ಬಟ್ಟೆ ಕೇಳಿ, ಮಾಡಿನಿಂದ ಸುರಿಯುತ್ತಿದ್ದ ನೀರಲ್ಲಿ ನೆನೆಸಿ, ವೈರ್‌ಗಳಿಗೆ ತಾಗದ ಹಾಗೆ ಕಾಯಿಲ್ ಮೈಗೆ ಸುತ್ತಿದೆ. ಆಗುಂಬೆಯಲ್ಲಿ ನೀರಿಗೆ ಬರವೇ? ನಾಲ್ಕು ಸಲ ಬಟ್ಟೆ ಬದಲಿಸಿದ ಮೇಲೆ ಕಿಡಿ ನೀಲಿಯಾಯಿತು. ಇಂಜಿನ್ ಹಿಡಿಯಿತು.

ಕಾಯಿಲ್ ಹಾಳಾಗಿದೆ, ಬದಲಿಸಿದರಾಯಿತು. ಆದರೆ ಈ ಸಲ ಬುದ್ಧಿ ಬಂದಿತ್ತು. ಯಾಕೆ ಇಷ್ಟು ಬಿಸಿ? ಟಾರ್ಚ್ ಬಿಟ್ಟು ಕಾಯಿಲ್ ಸುತ್ತ ನೋಡಿದೆ. ಅದರ ಪಕ್ಕದಲ್ಲಿ, ಕಾಯಿಲ್‌ಗೆ ಹೋಗುವ ಕರೆಂಟ್ ಕಮ್ಮಿ ಮಾಡುವ ಬಿಳಿ ಪಿಂಗಾಣಿಯ ರೆಸಿಸ್ಟರ್ ಇತ್ತು. ಅದರ ಎರಡು ತುದಿಗಳನ್ನು ಒಂದು ತುಂಡು ಹಳದಿ ವೈರ್ ಕೂಡಿಸುತ್ತಿತ್ತು. ಕಂಪನಿಯ ವೈರ್ ಅಲ್ಲ, ಮನೆ ವೈರಿಂಗ್‌ನದು. ಇನ್ಸುಲೇಷನ್ ಟೇಪ್ ಸುತ್ತಿ ಮುಚ್ಚಿದ್ದರು.

"ಓ ಅದಾ? ಎರಡು ವರ್ಷ ಆಯ್ತು. ಸ್ಟಾರ್ಟ್ ಆಗೂದಿಲ್ಲ ಅಂದಾಗ ಒಬ್ಬ ಮೆಕ್ಯಾನಿಕ್ ಹಾಕಿಕೊಟ್ಟ. ಆಮೇಲೆ ಪಟ್ ಅಂತ ಸ್ಟಾರ್ಟ್ ಆಗ್ತಿತ್ತು ಮಾರಾಯ."

ಆಗಲೇಬೇಕು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕಾಯಿಲ್‌ನ ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ತಂತಿ ಸುತ್ತು, ತಣ್ಣಗಿದ್ದಾಗ 1.5 ಓಮ್, ರೆಸಿಸ್ಟರ್ ಸುಮಾರು 1.5 ಓಮ್. ಅಗ್ಗದ ಮೀಟರ್‌ನ ಕಡ್ಡಿಗಳದ್ದೇ 0.3 ಓಮ್ ಇರುತ್ತದೆ, ಅದನ್ನು ಮೊದಲು ಕಳೆಯಬೇಕು. ಕಾಯಿಲ್, ರೆಸಿಸ್ಟರ್ ಎರಡೂ ಸೇರಿ 3 ಓಮ್. 12 ವೋಲ್ಟ್‌ಗೆ 4 ಆಂಪಿಯರ್. ಕೊಳೆತ ಅರ್ಥ್ ವೈರ್‌ನಿಂದಾಗಿ ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಸಿಗುತ್ತಿದ್ದದ್ದು 10.4ರಲ್ಲಿ 2.1 ಹೋಗಿ 8.3 ವೋಲ್ಟ್. ಯಾಕೆಂದರೆ ಪಾಯಿಂಟ್‌ನ ಅರ್ಥ್ ಕೂಡ ಇಂಜಿನ್ ಮೂಲಕವೇ. ಆಗ ಕರೆಂಟ್ 2.8 ಆಂಪಿಯರ್‌ಗೆ ಇಳಿಯುತ್ತದೆ, ಕಿಡಿ ಸಪ್ಪೆ. ರೆಸಿಸ್ಟರ್ ತಪ್ಪಿಸಿದ ಕೂಡಲೇ ಅದೇ 8.3 ವೋಲ್ಟ್‌ಗೆ 5.5 ಆಂಪಿಯರ್. ಗಾಡಿ ಪಟ್ ಅಂತ ಹಿಡಿಯಿತು, ಮೆಕ್ಯಾನಿಕ್‌ಗೆ ಹೆಸರು ಬಂತು. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಸೆಲ್ಫ್ ಹೊಡೆಯುವಷ್ಟು ಹೊತ್ತು ಮಾತ್ರ ರೆಸಿಸ್ಟರ್ ತಪ್ಪಿಸುವ ಏರ್ಪಾಡು ಮಾಡಿರುತ್ತಾರೆ. ಆತನ ತಲೆಯಲ್ಲಿ ಇದ್ದದ್ದೂ ಅದೇ ಇರಬೇಕು. ಆದರೆ ಇಲ್ಲಿ ವೈರ್ ಖಾಯಂ ಕೂತಿತು.

ಇಂಜಿನ್ ಸ್ಟಾರ್ಟ್ ಆದ ಮೇಲೆ? ಪೂರ್ತಿ 12 ವೋಲ್ಟ್ ಸಿಕ್ಕರೆ 8 ಆಂಪಿಯರ್. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಇದು ಒರಟು ಲೆಕ್ಕ, ಆದರೆ ಕಾಯಿಲ್ ಮುಟ್ಟಿದ ನನ್ನ ಬೆರಳು ಒಪ್ಪಿತು. ಪಾಯಿಂಟ್ ಮೂರು ತಿಂಗಳಲ್ಲಿ ಸುಟ್ಟದ್ದೂ ಅದಕ್ಕೇ. ಕಂಡೆನ್ಸರ್ ಪಾಪದ್ದು, ಸುಮ್ನೆ ಬೈಸಿಕೊಂಡಿತು.

ಇನ್ನು ಆ "ಎರಡು ಸಲಕ್ಕೆ ಒಂದು ಸಲ". ಇಂಜಿನ್ ನಿಂತಾಗ ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತರೆ, ಕೀ ಆನ್ ಇದ್ದಷ್ಟು ಹೊತ್ತೂ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ತೆರೆದ ಜಾಗದಲ್ಲಿ ನಿಂತರೆ ಹರಿಯುವುದೇ ಇಲ್ಲ. ಈ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಹೆಚ್ಚುಕಮ್ಮಿ ಅರ್ಧ ಸುತ್ತು ಮುಚ್ಚಿರುತ್ತದೆ. ಹಾಗಾಗಿ ದೊಡ್ಡಪ್ಪನ ಚಾ, ರೇಡಿಯೋ ಎರಡೂ ನಾಣ್ಯ ಚಿಮ್ಮಿದ ಹಾಗೆ ನಡೆಯುತ್ತಿದ್ದವು. ಮುಚ್ಚಿದ ದಿನ ಕಾಯಿಲ್ ಕೂತಲ್ಲೇ ಬೇಯುತ್ತಿತ್ತು. ಘಾಟಿಯ ಮೇಲೆ ಅಳೆದಾಗ ಅದರ ಪ್ರೈಮರಿ 2 ಓಮ್ ಹತ್ತಿರ ಬಂದಿತ್ತು. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಅಷ್ಟು ಮಾತ್ರಕ್ಕೆ ಕಿಡಿ ಸಾಯಬೇಕಿಲ್ಲ. ಎರಡು ವರ್ಷದ ಬೇಗೆಗೆ ಒಳಗಿನ ಇನ್ಸುಲೇಷನ್ ಕೂಡ ಸೋತಿತ್ತು ಎಂಬುದು ನನ್ನ ಅಂದಾಜು.

ಹಳದಿ ವೈರ್ ಅಲ್ಲೇ ಕತ್ತರಿಸಿ ತೆಗೆದೆ. ಮಾರನೇ ವಾರ ಅದೇ ಬಗೆಯ, ರೆಸಿಸ್ಟರ್ ಜೊತೆ ಹಾಕುವ ಹೊಸ ಕಾಯಿಲ್ ಹಾಕಿದೆ. ಅಂಗಡಿಯವರು ಮೊದಲು ಕೊಟ್ಟದ್ದು 3 ಓಮ್‌ನ, ರೆಸಿಸ್ಟರ್ ಬೇಡದ ಕಾಯಿಲ್. ನೋಡಲು ಎರಡೂ ಒಂದೇ ಥರ. ಮೀಟರ್ ಜೇಬಲ್ಲಿ ಇದ್ದದ್ದಕ್ಕೆ ಬಚಾವ್. ರೇಡಿಯೋ ವೈರನ್ನು ಇಗ್ನಿಷನ್ ಲೈನಿಂದ ಬಿಡಿಸಿ, ಕಾಯಿಲ್‌ಗೆ ಕರೆಂಟ್ ಕೊಡದ ಆಕ್ಸೆಸರಿ ಲೈನಿಗೆ ಕೊಟ್ಟೆ. ದೊಡ್ಡಪ್ಪನ ಅಭ್ಯಾಸ ಬದಲಿಸುವುದಕ್ಕಿಂತ ಅದು ಸುಲಭ.

ಒಂದು ಮಳೆಗಾಲ ಕಳೆಯಿತು. ನವೆಂಬರ್‌ನಲ್ಲಿ ಹೋದಾಗ ಪಾಯಿಂಟ್ ತೆಗೆದು ನೋಡಿದೆ, ಬೂದು ಬಣ್ಣ, ಸಮತಟ್ಟಾಗಿತ್ತು. ಆಕ್ಸಿಲರೇಟರ್ ಒಮ್ಮೆಗೇ ಒತ್ತಿದರೆ ಗಾಡಿ ಈಗಲೂ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ. ಕಾರ್ಬುರೇಟರ್‌ನ ಪಂಪ್ ಡಯಾಫ್ರಂ ಇರಬೇಕು, ಬಿಚ್ಚಿ ನೋಡ್ತೇನೆ ಎಂದೆ. ದೊಡ್ಡಪ್ಪ ಬಾನೆಟ್ ಮೇಲೆ ಕೈ ಇಟ್ಟು, "ಈಗ ಓಡ್ತಾ ಉಂಟಲ್ಲ, ಅದನ್ನ ಮುಟ್ಟೂದು ಬೇಡ. ಒಳಗೆ ಬಾ, ಕಡುಬು ಆರಿ ಹೋಗ್ತದೆ" ಎಂದರು.